ವ್ಯಾಕ್ಯೂಮ್ ಕ್ಲೀನರ್ ಕಿರುಚಿದರೆ ಮೆಷಿನ್ ಎಣ್ಣೆಯೋ, ಗ್ರೀಸೋ, ಹೊಸ ಬೇರಿಂಗೋ?

ವ್ಯಾಕ್ಯೂಮ್ ಕ್ಲೀನರ್ ಕಿರುಚಲು ಶುರು ಮಾಡಿದ ಕೂಡಲೇ ಎಣ್ಣೆ ಹುಡುಕಬೇಡಿ. ಮೊದಲು ಪ್ಲಗ್ ಕಿತ್ತು ಫಿಲ್ಟರ್ ನೋಡಿ. ಅದು ಧೂಳಿನಿಂದ ಕಟ್ಟಿಕೊಂಡರೆ ಎಳೆಯಲು ಗಾಳಿ ಸಿಗದೆ ಮೋಟಾರ್ ಮೇಲಿನ ಭಾರ ಕಡಿಮೆಯಾಗುತ್ತದೆ, ಆಗ ಅದು ಇನ್ನೂ ಜೋರಾಗಿ ತಿರುಗಿ ಸದ್ದು ಏರುತ್ತದೆ. ಫಿಲ್ಟರ್ ಸರಿಯಿದ್ದೂ ಕರಕರ ಸದ್ದು ಬಂದರೆ ಬಹುಪಾಲು ಬೇರಿಂಗ್, ಅಂದರೆ ಮೋಟಾರ್ ಶಾಫ್ಟ್ ಸಲೀಸಾಗಿ ತಿರುಗಲು ಹಿಡಿದಿರುವ ಗುಂಡುಗಳ ಉಂಗುರ, ಹೋಗಿದೆ ಅಂತಲೇ ಅರ್ಥ.

ಮೈಸೂರಿನ ನಮ್ಮ ಮನೆಯ ಹಳೇ ಮೆಷಿನ್ ಮೇಲೆ ಎಲ್ಲ ದಾರಿಗಳನ್ನೂ ನೋಡಿದ್ದೇನೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸದ್ದು ತಕ್ಷಣ ನಿಲ್ಲುತ್ತದೆ, ಅಷ್ಟೇ ಬೇಗ ವಾಪಸ್ ಬರುತ್ತದೆ. ಅದರಲ್ಲಿ ಹೆಚ್ಚಿನದು ಆವಿಯಾಗಿ ಹೋಗುವ ದ್ರವ. ಹೋಗುವಾಗ ಬೇರಿಂಗ್‌ನಲ್ಲಿ ಉಳಿದಿದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಇದಂತೂ ಬೇಡವೇ ಬೇಡ.

ಹೊಲಿಗೆ ಮೆಷಿನ್ ಎಣ್ಣೆ ಸ್ವಲ್ಪ ವಾಸಿ. ಆದರೆ ಈ ಮೋಟಾರ್ ನಿಮಿಷಕ್ಕೆ 20,000 ಸುತ್ತಿಗೂ ಜಾಸ್ತಿ ತಿರುಗುತ್ತದೆ, ಆ ವೇಗಕ್ಕೆ ತೆಳು ಎಣ್ಣೆ ನಿಲ್ಲುವುದಿಲ್ಲ, ಸಿಡಿದು ಕಮ್ಯುಟೇಟರ್ (ಕಾರ್ಬನ್ ಬ್ರಷ್‌ಗಳು ಉಜ್ಜುತ್ತಾ ಕರೆಂಟ್ ಕೊಡುವ ತಾಮ್ರದ ಭಾಗ) ಮೇಲೆ ಬಿದ್ದರೆ ಕಾರ್ಬನ್ ಪುಡಿ ಅಲ್ಲೇ ಅಂಟಿಕೊಂಡು ಕಿಡಿ ಹಾರಲು ಶುರುವಾಗುತ್ತದೆ. ಅಮ್ಮ "ಕೊಬ್ಬರಿ ಎಣ್ಣೆ ಬಿಡೋ, ಸಾಕು" ಅಂದರು. ಡಿಸೆಂಬರ್ ಬೆಳಗ್ಗೆ ಮೈಸೂರಲ್ಲಿ ಬಾಟಲಿಯೊಳಗೇ ಗಟ್ಟಿಯಾಗುವ ಎಣ್ಣೆ ಅದು, ಮೋಟಾರ್‌ಗೆ ಹೇಗೆ ಹಾಕೋದು ಅಲ್ವಾ?

ಗ್ರೀಸ್ ನಿಜವಾದ ರಿಪೇರಿ, ಆದರೆ ಬೇರಿಂಗ್ ಇನ್ನೂ ಚೆನ್ನಾಗಿದ್ದರೆ ಮಾತ್ರ. ರಬ್ಬರ್ ಸೀಲ್ ಇರುವ ಬೇರಿಂಗ್ ಆದರೆ ಒಳ ಅಂಚಿಗೆ ಸೂಜಿ ಕೊಟ್ಟು ಮೆಲ್ಲಗೆ ಎತ್ತಿದರೆ ಸೀಲ್ ಬರುತ್ತದೆ. ನಮ್ಮದರಲ್ಲಿ ಹಳೇ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ಅಂಟಿನ ಹಾಗೆ ಒಣಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೆಚ್ಚು ವೇಗ ಮತ್ತು ಬಿಸಿ ತಡೆಯುವ ಬೇರಿಂಗ್ ಗ್ರೀಸನ್ನು ಒಳಗಿನ ಜಾಗದ ಮೂರನೇ ಒಂದು ಭಾಗದಷ್ಟು ಮಾತ್ರ ತುಂಬಿದೆ. ಜಾಸ್ತಿ ತುಂಬಿದರೆ ಅದೇ ಕಡೆದುಕೊಂಡು ಬಿಸಿಯಾಗುತ್ತದೆ. ಒಂದು ಬೇರಿಂಗ್ ಇದರಿಂದಲೇ ನುಣ್ಣಗೆ ತಿರುಗಿತು. ಫ್ಯಾನ್ ಕಡೆಯದನ್ನು ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಇದ್ದಂತೆ ತಡೆಯುತ್ತಿತ್ತು. ಹಾಗೆ ತಡೆದರೆ ಗುಂಡುಗಳು ಓಡುವ ದಾರಿಯೇ ಸವೆದಿದೆ, ಯಾವ ಗ್ರೀಸೂ ಅದನ್ನು ಉಳಿಸುವುದಿಲ್ಲ.

ಹಾಗಾಗಿ ನನ್ನ ಓಟು ಹೊಸ ಬೇರಿಂಗ್‌ಗೇ. ಹಳೆಯದನ್ನು ಜೇಬಿಗೆ ಹಾಕಿಕೊಂಡು ಬೇರಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ಅಂಚಿನ ಮೇಲಿನ ನಂಬರ್ ನೋಡಿ "608 ಸಾರ್, ಝಡ್‌ಝಡ್ ಬೇಕಾ, 2ಆರ್‌ಎಸ್ ಬೇಕಾ?" ಅಂದರು. ಒಳ ವ್ಯಾಸ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಝಡ್‌ಝಡ್‌ಗೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್‌ಗೆ ರಬ್ಬರ್ ಸೀಲ್. ಧೂಳಿನ ನಡುವೆ ಓಡುವ ಮೋಟಾರ್ ಅಂತ ನಾನು ರಬ್ಬರಿನದೇ ತಂದೆ, ಎರಡೂ ಕಡೆಗೆ. ಒಂದಕ್ಕೆ ಕೊಟ್ಟದ್ದು ಮಸಾಲೆ ದೋಸೆ, ಕಾಫಿಯ ದುಡ್ಡು. ಈಗ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಬಿಚ್ಚುವಾಗ ಕಾರ್ಬನ್ ಬ್ರಷ್‌ಗಳನ್ನು ಮೊದಲೇ ಹೊರಗೆ ತೆಗೆಯಿರಿ, ಇಲ್ಲವಾದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಎಳೆಯುವಾಗ ಮುರಿಯುತ್ತವೆ. ಫ್ಯಾನಿನ ನಟ್ ಕೆಲವು ಮೋಟಾರ್‌ಗಳಲ್ಲಿ ಉಲ್ಟಾ ಥ್ರೆಡ್, ಸುಮ್ನೆ ಬಲ ಹಾಕಬೇಡಿ. ಹೊಸ ಬೇರಿಂಗನ್ನು ಶಾಫ್ಟ್‌ಗೆ ಕೂರಿಸುವಾಗ ಒಳ ರಿಂಗ್ ಮೇಲೆ ಮಾತ್ರ ಒತ್ತಬೇಕು. ಹೊರ ರಿಂಗ್‌ಗೆ ಸುತ್ತಿಗೆ ಏಟು ಬಿದ್ದರೆ ಹೊಸದೂ ಅಲ್ಲೇ ಹಾಳು. ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಇಲ್ಲದವರು ಮೋಟಾರನ್ನಷ್ಟೇ ಬಿಚ್ಚಿ ವೈಂಡಿಂಗ್ ಅಂಗಡಿಗೆ ಕೊಡಿ, ಬೇರಿಂಗ್ ಮಾತ್ರ ನೀವೇ ತಂದುಕೊಡಿ.