ಯಾವುದನ್ನು ಹೋಗಿ ತಿನ್ನಬೇಕು, ಯಾವುದನ್ನು ತರಿಸಿಕೊಳ್ಳಬೇಕು

ಮಸಾಲೆ ದೋಸೆಯನ್ನು ಮನೆಗೆ ತರಿಸಬೇಡಿ. ಬೆಂಗಳೂರಿನಲ್ಲಿ ಹೊರಗಿನ ತಿಂಡಿಯನ್ನು ಇಷ್ಟಪಡುವವರಿಗೆ ನಾನು ಮೊದಲು ಹೇಳುವ ಮಾತು ಇದೇ. ಯಾವ ಹೋಟೆಲಿನ ದೋಸೆ ಒಳ್ಳೆಯದು ಎಂಬ ಚರ್ಚೆ ಈ ಊರಿನಲ್ಲಿ ಎಂದೂ ಮುಗಿಯುವುದಿಲ್ಲ. ಬಸವನಗುಡಿಯವರು ಒಂದು ಹೆಸರು ಹೇಳಿದರೆ ಮಲ್ಲೇಶ್ವರದವರು ಇನ್ನೊಂದು ಹೇಳುತ್ತಾರೆ. ನಾನು ಕೆಲವು ವರ್ಷಗಳಿಂದ ಒಂದೇ ತಿಂಡಿಯನ್ನು ಹೋಟೆಲಿನಲ್ಲಿ ಕುಳಿತು ತಿಂದಿದ್ದೇನೆ, ಆ್ಯಪ್‌ನಲ್ಲಿ ತರಿಸಿಕೊಂಡು ತಿಂದಿದ್ದೇನೆ, ನಾನೇ ಹೋಗಿ ಪಾರ್ಸೆಲ್ ಕಟ್ಟಿಸಿಕೊಂಡು ಬಂದೂ ತಿಂದಿದ್ದೇನೆ. ಹೀಗೆ ಮೂರನ್ನೂ ನೋಡಿದವರಿಗೆ ಹೋಟೆಲಿನ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನ್ನಿಸುತ್ತದೆ: ಈ ತಿಂಡಿ ಅರ್ಧ ಗಂಟೆಯ ಪ್ರಯಾಣವನ್ನು ತಡೆದೀತೇ?

ದೋಸೆ ತಡೆಯುವುದಿಲ್ಲ. ಕಾದ ಕಾವಲಿಯ ಮೇಲೆ ಹಿಟ್ಟು ಹರಡಿದಾಗ ಅಡಿಯ ಪದರದ ನೀರು ಆರಿ, ಪಿಷ್ಟ ಒಣಗಿ ಗರಿಯಾಗುತ್ತದೆ. ಮೇಲಿನ ಪದರ ಮೆತ್ತಗೇ ಉಳಿಯುತ್ತದೆ. ಈ ಎರಡು ಪದರಗಳ ವ್ಯತ್ಯಾಸವೇ ದೋಸೆಯ ಸುಖ. ಅದರೊಳಗೆ ಬಿಸಿ ಆಲೂಗಡ್ಡೆ ಪಲ್ಯವಿಟ್ಟು, ಮಡಿಸಿ, ಡಬ್ಬಿಯ ಮುಚ್ಚಳ ಹಾಕಿದರೆ ಪಲ್ಯದ ಹಬೆ ಎಲ್ಲಿಗೆ ಹೋಗಬೇಕು? ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ದೋಸೆಯ ಮೇಲೆಯೇ ಇಳಿಯುತ್ತದೆ. ಮನೆಯಲ್ಲಿ ಡಬ್ಬಿ ತೆಗೆದಾಗ ಬಣ್ಣ ಇರುತ್ತದೆ, ಪರಿಮಳವೂ ಸ್ವಲ್ಪ ಇರುತ್ತದೆ, ಆದರೆ ಮುರಿದರೆ ಸದ್ದಿಲ್ಲ, ಹರಿಯುವಾಗ ಎಳೆಯುತ್ತದೆ. ನಮ್ಮ ಬಡಾವಣೆಯ ದರ್ಶಿನಿಯ ದೋಸೆಯಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದೇ ದೋಸೆಯನ್ನು ಅಲ್ಲಿಯೇ ನಿಂತು ತಿಂದರೆ ದೂರಲು ಏನೂ ಸಿಗುವುದಿಲ್ಲ. ಪಲ್ಯವನ್ನು ಬೇರೆ ಕಟ್ಟಿಕೊಡಿ ಎಂದು ಆರ್ಡರಿನ ಜೊತೆ ಬರೆದರೆ ಸ್ವಲ್ಪ ವಾಸಿ. ಮನೆಗೆ ಬಂದ ಕೂಡಲೇ ದೋಸೆಯನ್ನು ಬಿಡಿಸಿ, ಕಬ್ಬಿಣದ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಕಾಯಿಸಿದರೆ ಇನ್ನೂ ವಾಸಿ. ಆದರೂ ಅದು ಹೋಟೆಲಿನ ದೋಸೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ಹೋಗಿ ತಿನ್ನುವುದಾದರೆ ಎಲ್ಲಿಗೆ? ನಮ್ಮ ಮನೆ ಬನಶಂಕರಿಯ ಕಡೆಗಿದೆ. ನಾನು ಹೋಲಿಸುವ ಮೂರು ಹೋಟೆಲುಗಳಿಗೂ ಹಸಿರು ಮಾರ್ಗದ ಮೆಟ್ರೋದಲ್ಲಿಯೇ ಹೋಗಬಹುದು. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಎಂಟಿಆರ್, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಇಳಿದು ಇನ್ನೂ ಸ್ವಲ್ಪ ನಡೆದರೆ ಮಲ್ಲೇಶ್ವರದ ಸಿಟಿಆರ್. ಫಲಕದಲ್ಲಿ ಶ್ರೀ ಸಾಗರ್ ಎಂದಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ ಸಿಟಿಆರ್.

ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಅಲ್ಲಿನ ದೋಸೆ ಪುಟ್ಟದು, ದಪ್ಪ, ಹೊರಗೆ ಗಟ್ಟಿಯಾದ ಗರಿ, ಒಳಗೆ ಹತ್ತಿಯಷ್ಟು ಮೃದು. ಪಂಚೆ ಉಟ್ಟ ಸಪ್ಲೈಯರ್ ತೋಳಿನುದ್ದಕ್ಕೂ ತಟ್ಟೆಗಳನ್ನು ಪೇರಿಸಿಕೊಂಡು ಬಂದು, ಒಂದೂ ಅಲುಗದಂತೆ ಮೇಜಿಗೆ ಇಳಿಸುತ್ತಾನೆ. ಹಿಂದೆಯೇ ನೀರಾದ ಚಟ್ನಿ ಬರುತ್ತದೆ, ಅದನ್ನು ಧಾರಾಳವಾಗಿ ಸುರಿಯುತ್ತಾರೆ. ಆ ಚಟ್ನಿ ತೆಳ್ಳಗಿರುವುದು ಈ ದೋಸೆಗೆಂದೇ. ದಪ್ಪ ದೋಸೆಯ ಒಳಭಾಗ ಅದನ್ನು ಹೀರಿಕೊಳ್ಳುತ್ತದೆ, ಹೊರಭಾಗ ಎರಡು ಮೂರು ನಿಮಿಷ ಎದುರಿಸಿ ನಿಲ್ಲುತ್ತದೆ. ತಿನ್ನುವವರಿಗೆ ಸಿಗುವುದು ಆ ಎರಡು ಮೂರು ನಿಮಿಷವೇ. ಶುಕ್ರವಾರ ರಜೆ, ನೆನಪಿರಲಿ.

ಸಿಟಿಆರ್‌ನ ಬೆಣ್ಣೆ ಮಸಾಲೆ ಬೇರೆ ಸ್ವಭಾವದ್ದು. ಬಣ್ಣ ಸಮವಾದ ಹೊಂಬಣ್ಣ, ತುದಿಯಿಂದ ನಡುವಿನವರೆಗೆ ಒಂದೇ ಗರಿ, ಬೆಣ್ಣೆಯ ಪರಿಮಳ ತಟ್ಟೆ ಮೇಜಿಗೆ ಬರುವ ಮೊದಲೇ ಬರುತ್ತದೆ. ಮೊದಲ ತುತ್ತಿನ ಸಂತೋಷವನ್ನು ಅಳೆಯುವುದಾದರೆ ನನ್ನ ಮತ ಸಿಟಿಆರ್‌ಗೆ. ಇಡೀ ದೋಸೆ ಮುಗಿಯುವ ತನಕದ ತೃಪ್ತಿಯನ್ನು ಅಳೆಯುವುದಾದರೆ ವಿದ್ಯಾರ್ಥಿ ಭವನಕ್ಕೆ. ಬೆಣ್ಣೆಯ ಭಾರ ಕೊನೆಯ ತುತ್ತುಗಳಲ್ಲಿ ನನ್ನನ್ನು ನಿಧಾನ ಮಾಡುತ್ತದೆ. ಅದನ್ನೇ ಇಷ್ಟಪಡುವವರು ನಮ್ಮ ಮನೆಯಲ್ಲಿಯೇ ಇದ್ದಾರೆ.

1924ರಲ್ಲಿ ಶುರುವಾದ ಎಂಟಿಆರ್‌ನಲ್ಲಿ ದೋಸೆಯ ಜೊತೆ ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ. ತುಪ್ಪವನ್ನು ಎಷ್ಟು, ಯಾವಾಗ, ಎಲ್ಲಿಗೆ ಹಾಕಿಕೊಳ್ಳಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ. ಆದರೂ ನಾನು ಲಾಲ್‌ಬಾಗ್ ರಸ್ತೆಗೆ ಹೋಗುವುದು ದೋಸೆಗಾಗಿ ಅಲ್ಲ, ರವೆ ಇಡ್ಲಿಗಾಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಪ್ರಯೋಗ ಮಾಡಿ ಇದನ್ನು ಕಂಡುಕೊಂಡೆವು ಎಂದು ಆ ಹೋಟೆಲಿನವರು ಹೇಳುತ್ತಾರೆ. ಅಲ್ಲಿಗೆ ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ರವೆ ಇಡ್ಲಿಯ ಮಾತು ಬಂದದ್ದರಿಂದ ಇಡ್ಲಿಗೆ ಬರುತ್ತೇನೆ. ಇಲ್ಲಿ ಸ್ಪರ್ಧೆ ಹತ್ತಿರದ್ದು. ಇಡ್ಲಿ ಹಬೆಯಲ್ಲಿಯೇ ಬೆಂದದ್ದು, ಆದ್ದರಿಂದ ಡಬ್ಬಿಯೊಳಗಿನ ಹಬೆ ಅದಕ್ಕೆ ಶತ್ರುವಲ್ಲ. ಅದರ ಶತ್ರು ತಂಪು. ಆರಿದಂತೆ ಅಕ್ಕಿಯ ಪಿಷ್ಟ ಬಿಗಿದುಕೊಂಡು ಇಡ್ಲಿ ಗಟ್ಟಿಯಾಗುತ್ತದೆ. ಮನೆಯ ಇಡ್ಲಿ ಪಾತ್ರೆಯಲ್ಲಿ ಮೂರು ನಿಮಿಷ ಮತ್ತೆ ಹಬೆಗೆ ಇಟ್ಟರೆ ಬಹುಪಾಲು ಮೊದಲಿನಂತಾಗುತ್ತದೆ. ಮೊಸರು ಸೇರಿಸಿ ಮಾಡುವ ರವೆ ಇಡ್ಲಿ ಇದರಲ್ಲಿ ಇನ್ನೂ ಗಟ್ಟಿಗ. ತರಿಸಿಕೊಂಡ ತಿಂಡಿಗಳಲ್ಲಿ ನನ್ನ ಮೊದಲ ಸಾಲಿನಲ್ಲಿ ಅದಕ್ಕೆ ಜಾಗವಿದೆ.

ಹಾಗಿದ್ದರೂ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿಯನ್ನು ಮನೆಗೆ ತಂದು ತಿನ್ನಬೇಕು ಎಂದು ನನಗೆ ಎಂದೂ ಅನ್ನಿಸಿಲ್ಲ. 1965ರಿಂದ ಇರುವ ಈ ಪುಟ್ಟ ಅಂಗಡಿಯಲ್ಲಿ ಸಾಂಬಾರ್ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ರಸ್ತೆಯ ಬದಿಯಲ್ಲಿ ತಟ್ಟೆ ಹಿಡಿದು ನಿಂತು, ಚಟ್ನಿ ಮುಗಿದಾಗಲೆಲ್ಲ ಮತ್ತೆ ಹೋಗಿ ಹಾಕಿಸಿಕೊಳ್ಳುವುದು ಅಲ್ಲಿನ ಕ್ರಮ. ಚಟ್ನಿ ಎಷ್ಟು ಬೇಕೋ ಅಷ್ಟು ಎಂಬ ಧೈರ್ಯದಲ್ಲಿ ಇಡ್ಲಿಯನ್ನು ಮುಳುಗಿಸಿ ತಿನ್ನುವ ಬಗೆಯೇ ಬೇರೆ. ಒಂದು ಪುಟ್ಟ ಡಬ್ಬಿ ಚಟ್ನಿಯನ್ನು ನಾಲ್ಕು ಇಡ್ಲಿಗೆ ಹಂಚಿಕೊಂಡು ತಿನ್ನುವ ಬಗೆಯೇ ಬೇರೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿಯೂ ಹೀಗೆಯೇ ನಿಂತು ತಿನ್ನಬೇಕು. ಅಲ್ಲಿನ ಚಟ್ನಿ ನನಗೆ ಒಂದು ಕೂದಲೆಳೆಯಷ್ಟು ಹೆಚ್ಚು ಹಿಡಿಸುತ್ತದೆ, ಇಡ್ಲಿಯ ಮೃದುತನದಲ್ಲಿ ಶಂಕರಪುರ ಮುಂದೆ.

ವಡೆಯನ್ನು ತರಿಸುವುದಾದರೆ ಸಾಂಬಾರಿನಲ್ಲಿ ಮುಳುಗಿಸಿಯೇ ತಿನ್ನಿ, ಗರಿಯ ಆಸೆ ಬೇಡ. ಪೂರಿ ದಾರಿಯಲ್ಲಿಯೇ ಕುಸಿಯುತ್ತದೆ. ಅಕ್ಕಿ ರೊಟ್ಟಿ ಬಿಸಿ ಆರಿತೆಂದರೆ ಚಕ್ಕಳ. ಖಾರಾಬಾತ್ ಡಬ್ಬಿಯ ಆಕಾರಕ್ಕೆ ಹೆಪ್ಪುಗಟ್ಟಿ ಬರುತ್ತದೆ. ಈ ನಾಲ್ಕರ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನಿಲ್ಲ.

ಅನ್ನದ ತಿನಿಸುಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಬಿಸಿಬೇಳೆ ಬಾತ್‌ಗೆ ಪ್ರಯಾಣದಿಂದ ಲಾಭವೇ ಆಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಚ್ಚಿದ ಡಬ್ಬಿಯಲ್ಲಿ ಅರ್ಧ ಗಂಟೆ ಕುಳಿತಾಗ ಹುಣಸೆ, ಚಕ್ಕೆ, ಮೊಗ್ಗುಗಳ ಸಾರ ಅನ್ನದೊಳಕ್ಕೆ ಇಳಿಯುತ್ತದೆ. ಬೇಳೆ ನೀರು ಹೀರಿ ಬಾತ್ ಗಟ್ಟಿಯಾಗಿರುತ್ತದೆ, ಅದಕ್ಕೆ ಅರ್ಧ ಲೋಟ ಕುದಿಯುವ ನೀರು ಸೇರಿಸಿ ಒಲೆಯ ಮೇಲೆ ಕಲಕಿ, ಮೇಲೆ ಮನೆಯ ತುಪ್ಪ ಹಾಕಿದರೆ ಸಾಕು. ಖಾರಾಬೂಂದಿಯನ್ನು ಮಾತ್ರ ಬೇರೆ ಪೊಟ್ಟಣದಲ್ಲಿ ಕೊಡಬೇಕು. ಬಾತ್‌ನ ಮೇಲೆಯೇ ಉದುರಿಸಿ ಕಳಿಸುವ ಹೋಟೆಲಿನಿಂದ ನಾನು ಎರಡನೇ ಸಲ ತರಿಸುವುದಿಲ್ಲ. ಪುಳಿಯೋಗರೆ, ವಾಂಗಿಬಾತ್ ಕೂಡ ಇದೇ ಗುಂಪಿಗೆ ಸೇರಿದವು. ಮೊಸರನ್ನಕ್ಕೆ ಹೋಟೆಲಾದರೇನು, ಮನೆಯಾದರೇನು, ರುಚಿ ಒಂದೇ. ಮಧ್ಯಾಹ್ನದ ಬಿಸಿಲಿನಲ್ಲಿ ದೂರದಿಂದ ಬಂದರೆ ಹುಳಿಯಾಗಿರುತ್ತದೆ, ಅಷ್ಟನ್ನು ನೋಡಿಕೊಂಡರಾಯಿತು.

ದೊನ್ನೆ ಬಿರಿಯಾನಿಯದೂ ಇದೇ ಕಥೆ. ಪುದೀನ, ಕೊತ್ತಂಬರಿಯ ಹಸಿರು ಮಸಾಲೆ, ಪುಟ್ಟ ಕಾಳಿನ ಜೀರಿಗೆ ಸಾಂಬಾ ಅಕ್ಕಿ, ದಮ್‌ನಲ್ಲಿ ಬೆಂದ ಮಾಂಸ. ಮುಚ್ಚಳದ ಕೆಳಗೆ ಹುಟ್ಟಿದ ಅಡುಗೆ ಮುಚ್ಚಳದ ಕೆಳಗೆ ಪ್ರಯಾಣ ಮಾಡಿದರೆ ಅದಕ್ಕೆ ನಷ್ಟವಿಲ್ಲ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಲ್ಲಿ ಎಲೆಯ ದೊನ್ನೆಯಿಂದ ಎಲೆಯ ಮೇಲೆ ಬಿರಿಯಾನಿ ಮಗುಚಿಕೊಂಡು ತಿನ್ನುವ ಗದ್ದಲದ ಭಾನುವಾರ ನನಗೆ ತುಂಬ ಪ್ರೀತಿಯದು. ಆದರೆ ರುಚಿಯನ್ನು ಮಾತ್ರ ತೂಗಿದರೆ, ಮನೆಗೆ ಬಂದ ದೊನ್ನೆ ಬಿರಿಯಾನಿ ಹೋಟೆಲಿನದಕ್ಕಿಂತ ಹೆಚ್ಚು ಹಿಂದೆ ಬೀಳುವುದಿಲ್ಲ. ಇಂಥ ಮಾಂಸಾಹಾರದ ಹೋಟೆಲುಗಳ ರಾಗಿ ಮುದ್ದೆಯನ್ನು ತರಿಸಿದರೆ ಮಾತ್ರ ಬೇಸರ ಖಚಿತ. ಮುದ್ದೆಯ ಮೇಲೆ ಚರ್ಮ ಕಟ್ಟಿರುತ್ತದೆ, ಮುರಿದು ಸಾರಿನಲ್ಲಿ ಅದ್ದಿದರೆ ಗಂಟಲಲ್ಲಿ ಜಾರುವುದಿಲ್ಲ. ನಾನು ಕಂಡುಕೊಂಡ ದಾರಿ ಇದು: ನಾಟಿ ಕೋಳಿ ಸಾರು ಹೋಟೆಲಿನಿಂದ, ಮುದ್ದೆ ಮನೆಯಲ್ಲಿ. ರಾಗಿ ಹಿಟ್ಟು ಕುದಿಯಲು ಬಿಟ್ಟು ಆರ್ಡರ್ ಎಲ್ಲಿಗೆ ಬಂತು ಎಂದು ಮೊಬೈಲಿನಲ್ಲಿ ನೋಡುತ್ತಿದ್ದರೆ ಎರಡೂ ಒಟ್ಟಿಗೆ ಸಿದ್ಧವಾಗುತ್ತವೆ.

ಬಾಳೆಯೆಲೆಯ ಊಟವನ್ನು ನಾನು ಈ ಹೋಲಿಕೆಗೆ ತರುವುದೇ ಇಲ್ಲ. ಕೋಸಂಬರಿ, ಪಲ್ಯ ಮೊದಲು, ಸಾರು ಆಮೇಲೆ, ಮಜ್ಜಿಗೆ ಕೊನೆಗೆ ಎಂಬ ಸರದಿಯೇ ಆ ಊಟ. ಎಲ್ಲವೂ ಒಟ್ಟಿಗೆ ಪುಟ್ಟ ಡಬ್ಬಿಗಳಲ್ಲಿ ಬಂದು ಮೇಜಿನ ಮೇಲೆ ಕುಳಿತಾಗ ಪದಾರ್ಥಗಳು ಇರುತ್ತವೆ, "ಇನ್ನು ಸ್ವಲ್ಪ ಅನ್ನ ಹಾಕಲೇ?" ಎಂದು ಕೇಳುವವರು ಇರುವುದಿಲ್ಲ.

ದುಡ್ಡಿನ ವಿಚಾರ. ಹೋಟೆಲಿನ ಬಿಲ್ಲಿನಲ್ಲಿ ತಿಂಡಿಯ ಬೆಲೆ ಇರುತ್ತದೆ, ಶೇ 5ರ ಜಿಎಸ್‌ಟಿ ಇರುತ್ತದೆ. ತರಿಸಿದಾಗ ಅದರ ಮೇಲೆ ಪ್ಯಾಕಿಂಗ್ ಶುಲ್ಕ, ವಿತರಣೆಯ ಶುಲ್ಕ, ಆ್ಯಪ್ ಕಂಪನಿ ತನಗೆಂದು ಪಡೆಯುವ ಪ್ಲಾಟ್‌ಫಾರ್ಮ್ ಶುಲ್ಕ ಸೇರುತ್ತವೆ. ಈ ಕೊನೆಯದು 2023ರಲ್ಲಿ ಆರ್ಡರಿಗೆ 2 ರೂಪಾಯಿ ಎಂದು ಕಾಲಿಟ್ಟಿತು, ಆಮೇಲೆ ಏರುತ್ತಲೇ ಬಂದಿದೆ. ನಾನು ಹೋಲಿಸಿ ನೋಡಿದ ಹಲವು ಕಡೆ ಆ್ಯಪ್‌ನಲ್ಲಿನ ಬೆಲೆಯೇ ಹೋಟೆಲಿನ ಫಲಕದ ಬೆಲೆಗಿಂತ ಜಾಸ್ತಿ. ಹಾಗಾಗಿ ಒಬ್ಬರಿಗೆ ಒಂದು ಪ್ಲೇಟ್ ಇಡ್ಲಿ ತರಿಸುವುದು ದುಂದು. ನಾಲ್ವರಿಗೆ ಬಿರಿಯಾನಿ ತರಿಸಿದರೆ ಅದೇ ಶುಲ್ಕ ಹಂಚಿಹೋಗಿ ಆಟೋದಲ್ಲಿ ಹೋಗಿಬರುವ ಖರ್ಚಿಗಿಂತ ಕಡಿಮೆಯಾಗುತ್ತದೆ. ಸುರಿಯುವ ಮಳೆಯಲ್ಲಿ ಮೂರನೇ ಮಹಡಿಗೆ ಹತ್ತಿ ಬರುವ ಹುಡುಗನಿಗೆ ಇದರಲ್ಲಿ ಎಷ್ಟು ಸೇರುತ್ತದೆ ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತದೆ. 2025ರಲ್ಲಿ ಕರ್ನಾಟಕ ಸರ್ಕಾರ ಇಂಥ ಆ್ಯಪ್‌ಗಳಿಗೆ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾನೂನು ತಂದು, ಪ್ರತಿ ವಹಿವಾಟಿನಲ್ಲಿ ಅವರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕೊಡುವಂತೆ ಮಾಡಿತು. ಅದು ಅವರ ಕೈಗೆ ನಿಜವಾಗಿ ತಲುಪಲಿ ಎಂದು ಮನಸಾರೆ ಹಾರೈಸುತ್ತೇನೆ. ಜಡಿಮಳೆಯಲ್ಲಿ ನಾನು ಆರ್ಡರ್ ಮಾಡುವುದಿಲ್ಲ.

ಇಲ್ಲಿಯೇ ಮೂರನೆಯ ದಾರಿಯ ಬಲ ಕಾಣುವುದು: ಸ್ಟೀಲ್ ಕ್ಯಾರಿಯರ್ ಹಿಡಿದು ನಾವೇ ಹೋಗಿ ಕಟ್ಟಿಸಿಕೊಂಡು ಬರುವುದು. ಕುದಿಯುವ ಸಾಂಬಾರನ್ನು ತೆಳ್ಳಗಿನ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಸುತ್ತುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದರ ವಿರುದ್ಧ ಕ್ರಮಕ್ಕೆ ಮುಂದಾದಾಗ ಎಲ್ಲರೂ ಬೆಚ್ಚಿದ್ದೆವು. ಪಾರ್ಸೆಲ್ ಸಾಂಬಾರಿನ ಚೀಲವೂ ಅದೇ ಪ್ರಶ್ನೆಯನ್ನು ಕೇಳುತ್ತದೆ. ಕ್ಯಾರಿಯರ್‌ನಲ್ಲಿ ತಂದ ಸಾಂಬಾರ್ ಬಿಸಿಯಾಗಿಯೇ ಇರುತ್ತದೆ, ಪ್ಲಾಸ್ಟಿಕ್ಕಿನ ವಾಸನೆ ಇರುವುದಿಲ್ಲ, ಪ್ಯಾಕಿಂಗ್ ಶುಲ್ಕವೂ ಉಳಿಯುತ್ತದೆ. ಪಾತ್ರೆ ಮುಂದಿಟ್ಟರೆ ಅಳತೆ ಸ್ವಲ್ಪ ಧಾರಾಳವಾಗುವುದನ್ನೂ ಗಮನಿಸಿದ್ದೇನೆ. ನಡೆದು ಹತ್ತು ನಿಮಿಷದೊಳಗೆ ಒಳ್ಳೆಯ ಹೋಟೆಲಿರುವವರು ಆ್ಯಪ್ ತೆರೆಯುವ ಅಗತ್ಯವೇ ಇಲ್ಲ.

ಉಳಿದದ್ದು ಕಾಫಿ. ತರಿಸಿದ ಫಿಲ್ಟರ್ ಕಾಫಿಯಲ್ಲಿ ನೊರೆ ಸತ್ತಿರುತ್ತದೆ, ಬಿಸಿ ಮಾಡಿದರೆ ಹಾಲು ಮತ್ತೆ ಕಾದು ಡಿಕಾಕ್ಷನ್ನಿನ ಘಮ ಹಾರಿಹೋಗುತ್ತದೆ. ಎಂಟಿಆರ್‌ನ ಬೆಳ್ಳಿ ಲೋಟದ ಕಾಫಿಗೂ ಶಂಕರಪುರದ ರಸ್ತೆಬದಿಯ ಕಾಫಿಗೂ ಯಾವುದು ಮೇಲು ಎಂದು ನಾನು ತೀರ್ಮಾನಿಸಲಾರೆ, ಎರಡನ್ನೂ ಅಲ್ಲಲ್ಲಿಯೇ ಕುಡಿಯಬೇಕು. ಮನೆಗೇ ಬೇಕೆಂದರೆ ಪರಿಚಯದ ಹೋಟೆಲಿನಲ್ಲಿ ಕೇಳಿ ನೋಡಿ, ಕೆಲವರು ಡಿಕಾಕ್ಷನ್ ಮಾತ್ರ ಕಟ್ಟಿಕೊಡುತ್ತಾರೆ. ಅದನ್ನು ಕಾಯಿಸಬೇಡಿ. ಹಾಲನ್ನು ಚೆನ್ನಾಗಿ ಕುದಿಸಿ, ಡಿಕಾಕ್ಷನ್ನಿನ ಮೇಲೆ ಎತ್ತರದಿಂದ ಹುಯ್ಯಿರಿ.