ಹುಲ್ಲು-ಮಣ್ಣಿನ ಗೋಡೆ: ಐದು ಬೇಸಿಗೆ ಕಳೆದ ಮೇಲೆ

ಹೊಳಲ್ಕೆರೆ ಹತ್ತಿರ ನಮ್ಮ ತೋಟದಲ್ಲಿ 2020ರ ಡಿಸೆಂಬರಿನಲ್ಲಿ 12ಕ್ಕೆ 14ರ ಒಂದು ರೂಮು ಕಟ್ಟಿಸಿದೆ. ಗೋಡೆ ಒಂದಡಿ ದಪ್ಪ, ಭತ್ತದ ಹುಲ್ಲು ಮತ್ತು ಕೆಮ್ಮಣ್ಣಿನದು. ನೋಡಿದವರೆಲ್ಲ "ಅಜ್ಜನ ಕಾಲದ ಗೋಡೆ" ಅಂತಾರೆ. ಅಲ್ಲ. ನಮ್ಮಜ್ಜನ ಮಾಳಿಗೆ ಮನೆಯ ಎರಡಡಿ ಗೋಡೆಯಲ್ಲಿ ಮಣ್ಣೇ ಎಲ್ಲ, ಹುಲ್ಲು ಹೆಸರಿಗೆ. ಅದು ಹಗಲಿಡೀ ಬಿಸಿ ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತಿತ್ತು. ಇಲ್ಲಿ ಹುಲ್ಲೇ ಗೋಡೆ, ಮಣ್ಣು ಬರೀ ಅಂಟು. ಹುಲ್ಲಿನ ಕೊಳವೆಯಲ್ಲಿ, ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಜರ್ಮನಿಯವರು ಇದನ್ನು ಹಗುರ ಮಣ್ಣು ಅಂತಾರೆ, ಘನ ಮೀಟರಿಗೆ 1200 ಕೆ.ಜಿ.ಗಿಂತ ಕಡಿಮೆ ತೂಗಬೇಕು. ಹಗುರ ಅಂದಮೇಲೆ ಛಾವಣಿ ಹೊರುವ ಶಕ್ತಿ ಇಲ್ಲ. ಆ ಭಾರವೆಲ್ಲ ಸರ್ವೆ ಕಂಬಗಳ ಮೇಲೆ.

ತೋಟದ ಕೆಳಭಾಗದ ಎರೆ ಮಣ್ಣು ಕೈಗೆ ಹತ್ತಿರವಿತ್ತು, ಮಾದರಿಗೆ ಮಾಡಿದ ಇಟ್ಟಿಗೆ ಒಣಗುತ್ತಲೇ ಬಾಯಿ ಬಿಟ್ಟಿತು. ದಿಬ್ಬದ ಕೆಮ್ಮಣ್ಣು ತಂದು ಬಾಟಲಿ ನೀರಲ್ಲಿ ಕಲಕಿ ನೋಡಿದೆ, ಜೇಡಿ ಸಾಕಷ್ಟಿತ್ತು. ಅದನ್ನು ರಾತ್ರಿ ನೆನೆಹಾಕಿ ಗಂಜಿಯ ಹದಕ್ಕೆ ತರಬೇಕು: ಬೆರಳು ಅದ್ದಿ ತೆಗೆದರೆ ಚರ್ಮದ ಗೆರೆ ಕಾಣಬಾರದು. ಹುಲ್ಲು ದಾವಣಗೆರೆ ಕಡೆಯಿಂದ, ಭದ್ರಾ ನಾಲೆಯ ಗದ್ದೆಗಳದ್ದು. ಮಿಷನ್ ಕಟಾವಿನ ಹುಲ್ಲು ಬೇಡ, ಪುಡಿಪುಡಿಯಾಗಿರುತ್ತೆ. ಕೈಯಲ್ಲಿ ಕೊಯ್ದದ್ದೇ ಹುಡುಕಿ.

ಹಲಗೆ ಕಟ್ಟಿ, ಆ ಮಣ್ಣಿನ ಗಂಜಿ ಕಲಸಿದ ಹುಲ್ಲು ತುಂಬಿ ತುಳಿದು, ಹಲಗೆ ಬಿಚ್ಚಿದ ಎಂಟನೇ ದಿನ ಗೋಡೆ ತುಂಬ ಹಸಿರು! ಹುಲ್ಲಿನಲ್ಲಿ ಉಳಿದಿದ್ದ ಭತ್ತ ಮೊಳೆತು ಎರಡು ಬೆರಳುದ್ದ ಪೈರು ನಿಂತಿತ್ತು. ಅಮ್ಮ "ಕೂಲಿ ಕೊಟ್ಟು ಸಸಿಮಡಿ ಮಾಡ್ಸಿದ್ಯೇನೋ" ಅಂತ ನಕ್ಕಳು. ಬಿಸಿಲಿಗೆ ತಾನೇ ಒಣಗಿತು, ಹೆದರಬೇಕಿಲ್ಲ. ಆದರೆ ನಡುಭಾಗ ಒಣಗಲು ಮಾರ್ಚ್ ಕೊನೆ ಆಯ್ತು. ಸರಳು ಚುಚ್ಚಿ ತೆಗೆದರೆ ತುದಿ ತಣ್ಣಗಿತ್ತು. ಮಳೆಗಾಲ ಹತ್ತಿರವಿದ್ದಾಗ ಈ ಕೆಲಸ ಶುರು ಮಾಡಲೇಬೇಡಿ.

ತಂಪಿನ ವಿಷಯ. ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಹೊರಗೆ 39 ಇದ್ದಾಗ ಇಲ್ಲಿ 33, ಪಕ್ಕದ ಸಿಮೆಂಟ್ ಬ್ಲಾಕಿನ ಪಂಪ್‌ಸೆಟ್ ರೂಮಿನಲ್ಲಿ 37. ರಾತ್ರಿ ಹತ್ತಕ್ಕೂ ಆ ಬ್ಲಾಕ್ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತೆ, ಇದು ಇರುವುದಿಲ್ಲ. ಹಾಗಂತ ಮೊದಲ ಬೇಸಿಗೆ ನನಗೇನೂ ಸುಖ ಸಿಗಲಿಲ್ಲ. ಮೇಲೆ ಬರೀ ತಗಡು! ಗೋಡೆಗೆ ಇಷ್ಟು ಒದ್ದಾಡಿ ತಲೆ ಮೇಲೆ ಕಾವಲಿ ಇಟ್ಟುಕೊಂಡಿದ್ದೆ. ಬಿದಿರ ತಟ್ಟಿ ಕಟ್ಟಿ, ಅದರ ಮೇಲೆ ಇದೇ ಹುಲ್ಲು-ಮಣ್ಣು ನಾಲ್ಕು ಇಂಚು ಹಾಕಿಸಿದ ಮೇಲೆ ಬಂದ ಲೆಕ್ಕ ಈ 33.

ಇನ್ನು ನನ್ನ ದಡ್ಡತನ. ಪಶ್ಚಿಮದ ಗೋಡೆಗೆ ಮಳೆ ನೇರ ಹೊಡೆಯುತ್ತೆ. ಮೇಸ್ತ್ರಿ "ಅಣ್ಣಾ, ಸುಣ್ಣ-ಗಿಣ್ಣ ಎಲ್ಲಾ ಒಂದ್ ಮಳೆಗೆ ಕಣಣ್ಣ. ಸಿಮೆಂಟ್ ಹೊಡೀತೀನಿ, ಮತ್ತೆ ತಿರುಗಿ ನೋಡಂಗಿಲ್ಲ" ಅಂದ. ಒಪ್ಪಿದೆ. ಬಂತು 2022ರ ಮಳೆ, ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಕೂದಲೆಳೆ ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಹೊರಗೆ ಆರಿಹೋಗಲು ದಾರಿಯೇ ಇರಲಿಲ್ಲ. ಮುಂದಿನ ವರ್ಷ ತಟ್ಟಿ ನೋಡಿದರೆ ಡಬ್ ಡಬ್ ಅಂತು. ಒಂದು ಚಕ್ಕೆ ಎಬ್ಬಿಸಿದೆ: ಒಳಗೆ ಹುಲ್ಲು ಕಪ್ಪಾಗಿ, ಬಣವೆಯ ತಳದ ವಾಸನೆ. ನಾಲ್ಕಡಿ ಅಗಲ ಕಿತ್ತು ಹೊಸದಾಗಿ ತುಂಬಬೇಕಾಯ್ತು. ಸುಣ್ಣ ಬೆರೆಸಿದ ಮಣ್ಣಿನ ಗಾರೆಯ ಉಳಿದ ಮೂರು ಗೋಡೆ ಅದೇ ಮಳೆ ನೆನೆದು ಅದೇ ಬಿಸಿಲಿಗೆ ಒಣಗಿದವು. ವರ್ಷಕ್ಕೊಮ್ಮೆ ದೀಪಾವಳಿಗೆ ಮುಂಚೆ ಒಂದು ದಿನದ ತೇಪೆ, ಅಷ್ಟೇ.

ಗೆದ್ದಲು ಒಮ್ಮೆ ಬಂತು, ಕಲ್ಲಿನ ತಳಪಾಯದ ಸಂದಿ ಹಿಡಿದು. ಸಂದಿಗೆ ಸುಣ್ಣದ ಗಾರೆ ತುಂಬಿದ ಮೇಲೆ ಇಲ್ಲ. ಮೊಳೆ ನಿಲ್ಲಲ್ಲ, ಟಿವಿ ಹಾಕುವ ಜಾಗಕ್ಕೆ ಕಟ್ಟುವಾಗಲೇ ಮರದ ತುಂಡು ಕೂರಿಸಿ. ಮಣ್ಣು ಪುಕ್ಕಟೆ ಅಂತ ಹಿಗ್ಗಬೇಡಿ, ಉಳಿದ ದುಡ್ಡೆಲ್ಲ ಕೂಲಿಗೆ ಹೋಗುತ್ತೆ.

ಐದಕ್ಕೆ ನಾಲ್ಕು ಕೊಡ್ತೀನಿ. ಈ ವರ್ಷ ಪಶ್ಚಿಮಕ್ಕೆ ಉಳಿದ ಸಿಮೆಂಟೂ ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿದೆ, ಸೂರನ್ನು ಎರಡಡಿ ಮುಂದೆ ಚಾಚಿಸಿದೆ. ಮಾಡಿದ್ದು ಅದೇ ಮೇಸ್ತ್ರಿ. ಕೂಲಿಯಲ್ಲಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ.