ಕಲಬುರಗಿಯ ಉಚಿತ ಕಾನೂನು ನೆರವು: ಸಂಸಾರದ ಕೇಸಿಗೆ ಎಷ್ಟು ಆಗಿಬರುತ್ತದೆ?

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ತವರಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತ ಹೆಣ್ಣುಮಕ್ಕಳು ಮೊದಲು ಹತ್ತಬೇಕಾದ ಮೆಟ್ಟಿಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಅಂಗವಿಕಲರ ಆದಾಯವನ್ನು ಇಲ್ಲಿ ನೋಡುವುದೇ ಇಲ್ಲ. ಉಳಿದ ಗಂಡಸರು ಸಾಮಾನ್ಯವಾಗಿ ಆದಾಯ ಪ್ರಮಾಣಪತ್ರ ತರಬೇಕು. ಕೋರ್ಟ್ ಶುಲ್ಕ, ಸಮನ್ಸ್ ಖರ್ಚು, ಟೈಪಿಂಗ್, ನಕಲು, ಅನುವಾದ ಎಲ್ಲವೂ ಈ ನೆರವಿನಲ್ಲೇ ಸೇರಿವೆ. ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದರೆ ಅಥವಾ ಕೇಸು ನೋಡಿಕೊಳ್ಳದಿದ್ದರೆ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ತಿಳಿಸಿ ಬೇರೆ ವಕೀಲರನ್ನು ಕೇಳಬಹುದು.

ಅರ್ಜಿ ಕೊಡಲು ಕಲಬುರಗಿಗೇ ಬರಬೇಕೆಂದಿಲ್ಲ. ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿಯವರು ತಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಸಾಕು. ಮಾಹಿತಿಗೆ 15100ಕ್ಕೆ ಫೋನ್ ಮಾಡಬಹುದು. ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಹೈದರಾಬಾದಿಗೋ ಮದುವೆಯಾಗಿ ಹೋದವರು ಗಂಡನ ಊರಿನಲ್ಲೇ ಕೇಸು ಹಾಕಬೇಕು ಎಂದುಕೊಳ್ಳುತ್ತಾರೆ. ಅದು ತಪ್ಪು. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯಿಂದಾಗಿ ಹೆಂಡತಿ ತಾನು ಈಗ ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಸೇವೆ ಒಳ್ಳೆಯದೇ. ಆದರೆ ವಕೀಲರ ಕೈಗೆ ನೀವು ಕೊಡುವ ಫೈಲು ಪೊಳ್ಳಾಗಿದ್ದರೆ ಉಚಿತ ವಕೀಲರಿಂದಲೂ ಆಗುವುದಿಲ್ಲ, ಲಕ್ಷ ತೆಗೆದುಕೊಳ್ಳುವವರಿಂದಲೂ ಆಗುವುದಿಲ್ಲ. ಕೇಸು ಮೊದಲು ಕೆಡುವುದು ವಿಳಾಸದಲ್ಲಿ. ಗಂಡ ಪುಣೆಯಲ್ಲೋ ಮುಂಬೈಯಲ್ಲೋ ದುಡಿಯುತ್ತಿರುತ್ತಾನೆ, ಅರ್ಜಿಯಲ್ಲಿ ಊರ ಮನೆಯ ವಿಳಾಸ ಮಾತ್ರ ಇರುತ್ತದೆ. ಸಮನ್ಸ್ ಜಾರಿಯಾಗದೆ ವಾಪಸು ಬರುತ್ತದೆ, ತಾರೀಕಿನ ಮೇಲೆ ತಾರೀಕು ಬೀಳುತ್ತದೆ. ಊರ ವಿಳಾಸ, ಕೆಲಸದ ಜಾಗದ ವಿಳಾಸ, ಮೊಬೈಲ್ ನಂಬರ್ ಮೂರನ್ನೂ ಮೊದಲ ದಿನವೇ ಕೊಡಿ.

ಎರಡನೆಯದು ಆಸ್ತಿ ಮತ್ತು ಆದಾಯದ ಅಫಿಡವಿಟ್. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಂಡ ಹೆಂಡತಿ ಇಬ್ಬರಿಗೂ ಕಡ್ಡಾಯ ಮಾಡಿದೆ. ಒಕ್ಕಲುತನದವರಿಗೆ ಬೇರೆಯದೇ ನಮೂನೆ ಇದೆ, ತೀರ್ಪಿನ ಎರಡನೇ ಅನುಬಂಧ. ನಮ್ಮ ಭಾಗಕ್ಕೆ ಬೇಕಾಗುವುದು ಅದೇ. ಪಗಾರದ ನಮೂನೆ ತುಂಬಿ ಆದಾಯದ ಮುಂದೆ ‘ಇಲ್ಲ’ ಎಂದು ಬರೆದುಬಿಟ್ಟರೆ ತೊಗರಿ ಬೆಳೆಯುವ ಎಂಟು ಎಕರೆ ಕಾಗದದಲ್ಲಿ ಎಲ್ಲೂ ಕಾಣುವುದಿಲ್ಲ. ಗಂಡನ ಮನೆಯ ಹೊಲದ ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ತೆಗೆಸಿ ಲಗತ್ತಿಸಿ. ಮಕ್ಕಳ ಶಾಲೆ ಫೀ ಮತ್ತು ಔಷಧದ ರಸೀದಿಗಳನ್ನೂ ಸೇರಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಕೇಳುವ ಮಧ್ಯಂತರ ಜೀವನಾಂಶದ (ಕೇಸು ಮುಗಿಯುವವರೆಗಿನ ಖರ್ಚಿನ ಹಣದ) ಅರ್ಜಿ, ಎದುರುದಾರನಿಗೆ ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ತೀರಬೇಕು. ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ‘ದೀಪಾವಳಿ ಮುಗಿಯಲಿ, ರಾಶಿ ಆಗಲಿ’ ಎಂದು ಮುಂದೂಡಿದಷ್ಟು ತಿಂಗಳ ಹಣ ಹೋಯಿತೆಂದೇ ತಿಳಿಯಿರಿ.

ಹಿರಿಯರು ಕೂಡಿ ಬಾಂಡ್ ಪೇಪರಿನ ಮೇಲೆ ಬರೆಸುವ ಸೋಡಚೀಟಿಯ, ಅಂದರೆ ಗಂಡ ಹೆಂಡತಿ ಬೇರೆಯಾದೆವೆಂದು ಬರೆದುಕೊಡುವ ಪತ್ರದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ನೋಟರಿ ಸಹಿ ಬಿದ್ದ ಮಾತ್ರಕ್ಕೆ ಅದು ವಿಚ್ಛೇದನ ಆಗುವುದಿಲ್ಲ. ಆ ಸಮುದಾಯದಲ್ಲಿ ಅಂಥ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತಾದರೆ ಮಾತ್ರ ಅದಕ್ಕೆ ಬೆಲೆ. ಆ ಚೀಟಿ ನಂಬಿ ಎರಡನೇ ಲಗ್ನ ಮಾಡಿಕೊಂಡರೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಇಬ್ಬರಿಗೂ ಒಪ್ಪಿಗೆ ಇದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ದಾರಿ ಇದ್ದೇ ಇದೆ. ಒಂದು ವರ್ಷ ಬೇರೆ ಇದ್ದಿರಬೇಕು, ಮೊದಲ ಅರ್ಜಿಯ 6 ತಿಂಗಳ ನಂತರ 18 ತಿಂಗಳೊಳಗೆ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಹಣ, ಮಕ್ಕಳ ವಿಷಯ ಪೂರ್ತಿ ತೀರ್ಮಾನವಾಗಿ, ಒಂದೂವರೆ ವರ್ಷಕ್ಕಿಂತ ಹೆಚ್ಚು ಬೇರೆ ಇದ್ದವರಿಗೆ ಆ 6 ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಎಂದು 2017ರಲ್ಲಿ ತೀರ್ಪಾಗಿದೆ.

ಮಧ್ಯಸ್ಥಿಕೆ ಈ ವ್ಯವಸ್ಥೆಯ ಅತ್ಯುತ್ತಮ ಭಾಗ. ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ, ಹಾಗಾಗಿ ಬಾಯಿಬಿಟ್ಟು ಮಾತಾಡಬಹುದು. ಆದರೆ ಒಪ್ಪಂದಪತ್ರ ಓದದೆ ಸಹಿ ಹಾಕಬೇಡಿ. ‘ತಂದೆಗೆ ಮಗುವಿನ ಭೇಟಿಗೆ ಅವಕಾಶ ಕೊಡತಕ್ಕದ್ದು’ ಎಂಬ ಒಂದೇ ಸಾಲು ಮುಂದಿನ ಹತ್ತು ಜಗಳಕ್ಕೆ ಬೀಜ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ, ಯಾರು ಕರೆತರಬೇಕು, ಬೇಸಿಗೆ ರಜೆ ಯಾರ ಬಳಿ, ಶಾಲೆ ಫೀ ಯಾವ ತಿಂಗಳು ಯಾರ ಖಾತೆಗೆ, ಇಷ್ಟನ್ನೂ ಬರೆಸಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ಆದರೂ ಕೊನೆಗೆ ತೂಗುವುದು ಮಗುವಿನ ಹಿತವನ್ನೇ. ತನಗೆ ಏನೂ ಬೇಡ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ.

ಮದುವೆಗೆ ಮುಂಚಿನ ಒಪ್ಪಂದ ಬರೆಸಲು ಹಿಂದೂ ಕುಟುಂಬಗಳು ಹಣ ಸುರಿಯುವುದು ವ್ಯರ್ಥ. ಮಗು ಯಾರ ಸುಪರ್ದಿಯಲ್ಲಿರಬೇಕು, ಜೀವನಾಂಶ ಎಷ್ಟು ಎಂಬ ಷರತ್ತುಗಳಿಗೆ ಕೋರ್ಟ್ ಕಟ್ಟುಬೀಳುವುದಿಲ್ಲ. ಕೊಟ್ಟ ಬಂಗಾರ, ಸಾಮಾನುಗಳ ಸಹಿ ಮಾಡಿದ ಪಟ್ಟಿ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮುಸ್ಲಿಂ ಕುಟುಂಬಗಳಲ್ಲಿ ನಿಕಾಹ್‌ನಾಮಾದಲ್ಲಿ (ಮದುವೆ ಕರಾರುಪತ್ರದಲ್ಲಿ) ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್ ಮೊತ್ತ ಸ್ಪಷ್ಟವಾಗಿ ಬರೆದಿರಲಿ, ಅದನ್ನು ಕೋರ್ಟಿನಲ್ಲಿ ವಸೂಲಿ ಮಾಡಬಹುದು.

ಕೊರತೆಯೂ ಇದೆ. ಚಿಂಚೋಳಿಯಿಂದ ಕಲಬುರಗಿಗೆ ಓಡಾಡುವ ಬಸ್ ಚಾರ್ಜು, ಆ ದಿನ ತಪ್ಪಿದ ಕೂಲಿ ಎರಡನ್ನೂ ಕಕ್ಷಿದಾರರೇ ಹೊರಬೇಕು. ಮೇಲ್ಮನವಿಗೆ ಹೈಕೋರ್ಟಿನ ಕಲಬುರಗಿ ಪೀಠ ಇಲ್ಲೇ ಇದ್ದರೂ ಅಲ್ಲಿಯ ನೆರವಿಗೆ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಮತ್ತೆ ಬೇರೆ ಅರ್ಜಿ ಹಾಕಬೇಕು. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು ರಸೀದಿ ಜೋಪಾನ ಮಾಡಿ.